50 ರೂಪಾಯಿಗೆ 5,001 ವಿಷಯ: ಬಸ್ಸಿನಲ್ಲಿ ಕೊಂಡ ಜಿ.ಕೆ. ಪುಸ್ತಕ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಗಾಡಿ ಹೊರಡಲು ಐದು ನಿಮಿಷ ಇರುವಾಗ ಅವನು ಹತ್ತುತ್ತಾನೆ. ಹೆಗಲಿಗೆ ಚೀಲ, ಕೈಯಲ್ಲಿ ಇಸ್ಪೀಟೆಲೆ ಥರ ಹರಡಿಕೊಂಡ ಪುಸ್ತಕಗಳು. "ಎಫ್‌ಡಿಎ, ಎಸ್‌ಡಿಎ, ಪೊಲೀಸು, ಪಿಡಿಒ, ಯಾವ ಪರೀಕ್ಷೆ ಬೇಕಾದರೂ ಬರೀರಿ, ಇದೊಂದಿದ್ರೆ ಸಾಕು. 5,001 ವಿಷಯ. ಅಂಗಡೀಲಿ 120, ಇಲ್ಲಿ ಬರೀ 50!" ನಾನು ಕಂಡಕ್ಟರ್ ಆಗಿ 14 ವರ್ಷ ಆಯಿತು. ಈ ಮಾತು ನನಗೆ ಸ್ಟೇಜುಗಳ ಹೆಸರಿನಷ್ಟೇ ಬಾಯಿಪಾಠ. ಆದರೆ ಪುಸ್ತಕ ಕೊಂಡಿದ್ದು ಮಾತ್ರ ಕಳೆದ ತಿಂಗಳು. ಮಗಳು ಒಂಬತ್ತನೇ ಕ್ಲಾಸು, ಶಾಲೆಯ ಕ್ವಿಜ್ ತಂಡಕ್ಕೆ ಸೇರಿದ್ದಾಳೆ. ನನ್ನ ಹತ್ತಿರ 50ರ ನೋಟು ಸಿದ್ಧವಾಗಿತ್ತು. ಚಿಲ್ಲರೆ ಕೇಳದೆ ವ್ಯಾಪಾರ ಮುಗಿದದ್ದು ಅವತ್ತು ಅದೊಂದೇ.

ಮೊದಲು ಮೈಮಾಟ ಹೇಳಿಬಿಡುತ್ತೇನೆ. ಅಂಗೈ ಅಗಲ, 208 ಪುಟ, ನ್ಯೂಸ್‌ಪ್ರಿಂಟ್ ಕಾಗದ. ಹೊಲಿಗೆ ಇಲ್ಲ, ಎರಡು ಪಿನ್ನು ಹೊಡೆದಿದ್ದಾರೆ ಅಷ್ಟೆ. ವಾರದೊಳಗೆ ನಡುವಿನ ಹಾಳೆ ಕೈಗೆ ಬಂತು. ಮುಖಪುಟದಲ್ಲಿ ವಿಧಾನಸೌಧ, ಭೂಗೋಳ, ಜೊತೆಗೊಂದು ಡಾಲ್ಫಿನ್. ಡಾಲ್ಫಿನ್ ಯಾಕೆ ಅಂತ ಕೊನೆಯ ಪುಟದವರೆಗೂ ಗೊತ್ತಾಗಲಿಲ್ಲ. ಅಕ್ಷರ ಸಣ್ಣದು, ಓಡುವ ಬಸ್ಸಿನಲ್ಲಿ ಓದಿದರೆ ತಲೆನೋವು ಗ್ಯಾರಂಟಿ. ಪರಿವಿಡಿ ಇಲ್ಲ. ನದಿಯ ಪಕ್ಕದಲ್ಲಿ ನೊಬೆಲ್, ಅದರ ಕೆಳಗೆ ವಿಟಮಿನ್. 5,001 ಇದೆಯೋ ಇಲ್ಲವೋ ನಾನು ಎಣಿಸಿಲ್ಲ. ಮಗಳು ಎಣಿಸುತ್ತೇನೆ ಅಂತ ಕೂತಳು, 600ಕ್ಕೆ ಬಿಟ್ಟಳು.

ಆದರೂ ನಾನು ಇದನ್ನು ಬಿಡದೆ ಓದಿದೆ. ಬೇಲೂರಿನಲ್ಲಿ 20 ನಿಮಿಷ ಗಾಡಿ ನಿಲ್ಲುತ್ತದೆ. ಡ್ರೈವರ್ ಅಣ್ಣ ಕಾಫಿಗೆ ಹೋಗುತ್ತಾರೆ, ನಾನು ವೇ ಬಿಲ್ ಬರೆದು ಮುಗಿಸಿ ನಾಲ್ಕು ಪುಟ ನೋಡುತ್ತೇನೆ. ಕಡಲೆಕಾಯಿ ತಿಂದಂತೆ, ನಿಲ್ಲಿಸೋಣ ಅಂದರೂ ಕೈ ಹೋಗುತ್ತದೆ.

ಮೊದಲ ಅನುಮಾನ ಬಂದದ್ದು ಬೇಲೂರಿನಲ್ಲೇ. "ಕರ್ನಾಟಕದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರಾಚೀನ ಸ್ಮಾರಕಗಳು: ಹಂಪಿ, ಪಟ್ಟದಕಲ್ಲು" ಅಂತ ಇತ್ತು. ನಾನು ಓದುತ್ತಾ ಕೂತಿದ್ದ ಜಾಗದಿಂದ ಕೂಗಳತೆಯಲ್ಲಿ ಚೆನ್ನಕೇಶವನ ಗುಡಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು. ಅದು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರಲ್ಲಿ ಆ ಪಟ್ಟಿಗೆ ಬಂದವು. ಆಮೇಲೆ "ಕರ್ನಾಟಕದ ಜಿಲ್ಲೆಗಳು: 30" ಅಂತ ಸಿಕ್ಕಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31 ಆಗಿಲ್ವಾ? ಮೊದಲ ಪುಟಕ್ಕೆ ಬಂದೆ. "ಹೊಸ ಪರಿಷ್ಕೃತ ಮುದ್ರಣ" ಅನ್ನುವುದು ಒಂದು ಸ್ಟಿಕ್ಕರ್. ಉಗುರಿನಿಂದ ಕೆರೆದರೆ ಅಡಿಯಲ್ಲಿ 2017.

ಈ ಪುಸ್ತಕದ ದೊಡ್ಡ ಕೊರತೆ ಇದೇ. ಹಳೆಯದು ಅನ್ನುವುದಕ್ಕಲ್ಲ, ಯಾವ ಸಾಲಿಗೂ ಇಸವಿ ಹಾಕಿಲ್ಲ ಅನ್ನುವುದಕ್ಕೆ. "2017ರಲ್ಲಿ 30 ಜಿಲ್ಲೆ" ಅಂತ ಬರೆದಿದ್ದರೆ ಅದು ಇವತ್ತಿಗೂ ಸರಿಯೇ. ತಾರೀಖು ಇಲ್ಲದ ಟಿಕೆಟ್ ತೋರಿಸಿದರೆ ಚೆಕಿಂಗ್‌ನವರು ಸುಮ್ನೆ ಬಿಡ್ತಾರಾ? ಎವರೆಸ್ಟ್ ಎತ್ತರ 8,848 ಮೀಟರ್ ಅಂತ ಇದೆ. ನಾವೂ ಹಾಗೇ ಕಲಿತದ್ದು. ಅದು 1955ರ ಭಾರತೀಯ ಸರ್ವೆಯ ಲೆಕ್ಕ. 2020ರಲ್ಲಿ ನೇಪಾಳ, ಚೀನಾ ಎರಡೂ ಸೇರಿ 8,848.86 ಅಂತ ಘೋಷಿಸಿದವು. 86 ಸೆಂಟಿಮೀಟರ್ ಜಾಸ್ತಿ. ನಮಗೇನೂ ಆಗಬೇಕಿಲ್ಲ, ಆದರೆ ಕ್ವಿಜ್‌ನಲ್ಲಿ ಮಗಳಿಗೆ ಒಂದು ಪಾಯಿಂಟ್ ಹೋಗುತ್ತದೆ. ಆ ಬೆಟ್ಟ ಎಲ್ಲಕ್ಕಿಂತ ಎತ್ತರ ಅಂತ 1852ರಲ್ಲಿ ಲೆಕ್ಕ ಹಾಕಿದ್ದು ಬಂಗಾಳದ ರಾಧಾನಾಥ್ ಸಿಕ್ದರ್. ಪುಸ್ತಕದಲ್ಲಿ ಜಾರ್ಜ್ ಎವರೆಸ್ಟ್ ಹೆಸರಿದೆ, ಸಿಕ್ದರ್ ಹೆಸರಿಲ್ಲ.

ಹಳೆಯದಾಗಿ ತಪ್ಪಾದದ್ದು ಒಂದು ಬಗೆ. ಹುಟ್ಟಿದಾಗಲೇ ತಪ್ಪಾಗಿದ್ದು ಇನ್ನೊಂದು. "ಚಂದ್ರನ ಮೇಲಿಂದ ಬರಿಗಣ್ಣಿಗೆ ಕಾಣುವ ಏಕೈಕ ಕಟ್ಟಡ ಚೀನಾದ ಮಹಾಗೋಡೆ" ಅಂತ ಇಲ್ಲೂ ಇದೆ. ಗೋಡೆ ಉದ್ದ ನಿಜ, ಅಗಲ ಎಷ್ಟು? ನಮ್ಮ ಹೈವೇಗಿಂತ ಕಿರಿದು. ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ 2003ರಲ್ಲಿ ಭೂಮಿಯನ್ನು ಸುತ್ತಿ ಬಂದು, ನನಗೆ ಗೋಡೆ ಕಾಣಲಿಲ್ಲ ಅಂದುಬಿಟ್ಟರು. ಅವರು ಇದ್ದದ್ದು ಚಂದ್ರನ ಹತ್ತಿರವೂ ಅಲ್ಲ, ಭೂಮಿಯಿಂದ ಕೆಲವೇ ನೂರು ಕಿಲೋಮೀಟರ್ ಮೇಲೆ.

ಹಲ್ಮಿಡಿ ಶಾಸನವನ್ನು ಚಿಕ್ಕಮಗಳೂರು ಜಿಲ್ಲೆಗೆ ಹಾಕಿದ್ದಾರೆ. ಇದನ್ನು ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು. ಹಲ್ಮಿಡಿ ಇರುವುದು ನಮ್ಮ ಬೇಲೂರು ತಾಲ್ಲೂಕಿನಲ್ಲಿ, ಹಾಸನ ಜಿಲ್ಲೆಯಲ್ಲಿ. ಆ ಊರಿನವರು ದಿನಾ ನನ್ನ ಬಸ್ಸು ಹತ್ತುತ್ತಾರೆ. ಸುಮಾರು ಕ್ರಿ.ಶ. 450ರ ಕಲ್ಲು, ಬರೀ 16 ಸಾಲು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿಗೆ ಹೋಯಿತು, ಊರಿನಲ್ಲಿ ಈಗ ಇರುವುದು ಅದರ ಪ್ರತಿರೂಪ. ಈ ಪುಟವನ್ನು ಹಲ್ಮಿಡಿಯ ಅಜ್ಜನೊಬ್ಬರಿಗೆ ತೋರಿಸಿದೆ. "ಕಲ್ಲು ತಗೊಂಡು ಹೋದ್ರು, ಈಗ ಊರನ್ನೂ ತಗೊಂಡು ಹೋಗ್ತಾ ಅವ್ರಾ?" ಅಂದರು.

ದೊಡ್ಡ ಜಗಳ ಆದದ್ದು ಮಾತ್ರ ಶಿವನಸಮುದ್ರದ ಬಗ್ಗೆ. "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ: ಶಿವನಸಮುದ್ರ, 1902." ನಮ್ಮ ಡ್ರೈವರ್ ಅಣ್ಣ ಮಳವಳ್ಳಿ ಕಡೆಯವರು. ಆ ಜಾಗಕ್ಕೆ ಅವರು ಬ್ಲಫ್ ಅನ್ನುತ್ತಾರೆ. ಇದನ್ನು ಓದಿ ಹೇಳಿದಾಗ ಅವರ ಮುಖ ಅರಳಿತು. ಎರಡು ದಿನ ಬಿಟ್ಟು, ಡಾರ್ಜಿಲಿಂಗ್ ಹತ್ತಿರ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟ್ ತೆಗೆದಿದ್ದರು ಅಂತ ನಾನು ಪತ್ತೆ ಮಾಡಿದೆ. ಅವತ್ತು ಹಗರೆ ದಾಟುವವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಂಗಾದ್ರೆ ನಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಾ?"

ಪಾಪ, ಮೇಷ್ಟ್ರೂ ಇಂಥದ್ದೇ ಪುಸ್ತಕ ಓದಿರಬೇಕು. ಆದರೆ ನನಗೆ ಬೇಜಾರಾದದ್ದು ಬೇರೆ ಕಾರಣಕ್ಕೆ. ಶಿವನಸಮುದ್ರಕ್ಕೆ "ಮೊದಲ" ಅನ್ನುವ ಬಿರುದೇ ಬೇಕಿಲ್ಲ. ಸಿದ್ರಾಪಾಂಗ್ ಒಂದು ಪೇಟೆಗೆ ದೀಪ ಹಚ್ಚಲು ಮಾಡಿದ ಚಿಕ್ಕ ಕೇಂದ್ರ. ಶಿವನಸಮುದ್ರ ಕೋಲಾರದ ಚಿನ್ನದ ಗಣಿಗೆ ಶಕ್ತಿ ಕೊಡಲು ಕಟ್ಟಿದ್ದು. ಕಾವೇರಿಯ ದಂಡೆಯಿಂದ ಕೆಜಿಎಫ್‌ವರೆಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಅಷ್ಟು ದೂರ ಕರೆಂಟ್ ಒಯ್ಯುವುದು ಎಲ್ಲೂ ಸಲೀಸಾದ ಕೆಲಸ ಆಗಿರಲಿಲ್ಲ. ಮೊದಲು ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ಈ ಕಥೆಯಲ್ಲಿ ಎಷ್ಟೊಂದು ಇದೆ ನೋಡಿ. ಪುಸ್ತಕ ಅದನ್ನೆಲ್ಲ ಬಿಟ್ಟು ಒಂದು ಸುಳ್ಳು ಪದಕ ನೇತುಹಾಕಿದೆ. ಇದನ್ನೇ ಡ್ರೈವರ್ ಅಣ್ಣನಿಗೂ ಹೇಳಿದೆ. ಸಮಾಧಾನ ಆಯಿತು ಅನ್ನಿಸುತ್ತದೆ, ಅವತ್ತಿನ ಕಾಫಿ ದುಡ್ಡು ಅವರೇ ಕೊಟ್ಟರು.

ಎಲ್ಲ ತಪ್ಪೇ ಅಂತ ತಿಳಿಯಬೇಡಿ. ಕುವೆಂಪು ಅವರ 1967ರ ಜ್ಞಾನಪೀಠ ಗುಜರಾತಿಯ ಉಮಾಶಂಕರ ಜೋಶಿ ಅವರ ಜೊತೆ ಹಂಚಿಕೆಯಾಗಿತ್ತು ಅನ್ನುವುದು ಇಲ್ಲಿದೆ. ನನಗೆ ಗೊತ್ತೇ ಇರಲಿಲ್ಲ. ಪ್ರಾಣಿಗಳ ಪುಟಗಳು ಇನ್ನೂ ಚೆನ್ನಾಗಿವೆ. "ಎಲೆ ಗುಡಿಸಿ ಗೂಡು ಮಾಡಿ ಮೊಟ್ಟೆ ಇಡುವ ಹಾವು ಕಾಳಿಂಗ ಸರ್ಪ." ಒಂದೇ ಸಾಲು, ಆದರೆ ಕಣ್ಣಿಗೆ ಕಟ್ಟುತ್ತದೆ. ಕೈಯಿಲ್ಲದ ಪ್ರಾಣಿ, ಮೈಯನ್ನೇ ಸುತ್ತಿ ತರಗೆಲೆ ಗುಡ್ಡೆ ಹಾಕುವುದು ಅಂದರೆ! ಇದಕ್ಕೆ ಬಾಲಂಗೋಚಿ ಒಂದಿದೆ, ಪುಸ್ತಕಕ್ಕೆ ಗೊತ್ತಿರಲು ಸಾಧ್ಯವಿಲ್ಲ. ಕಾಳಿಂಗ ಒಂದೇ ಜಾತಿಯಲ್ಲ, ನಾಲ್ಕು ಅಂತ 2024ರಲ್ಲಿ ವಿಜ್ಞಾನಿಗಳು ಬೇರೆ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜಿಯರು ಕರೆಯುತ್ತಿದ್ದ ಹೆಸರೇ ಈಗ ಲೋಕದ ಹೆಸರು.

"ಆಕ್ಟೋಪಸ್‌ಗೆ 3 ಹೃದಯ" ಅಂತಲೂ ಇದೆ. ಸರಿಯೇ. ಆದರೆ ಮಗಳು "ಯಾಕಪ್ಪ ಮೂರು?" ಅಂದಳು. ಪುಸ್ತಕ ಬಾಯಿ ಬಿಡಲಿಲ್ಲ, ಅವಳ ವಿಜ್ಞಾನದ ಮೇಡಂ ಹೇಳಿಕೊಟ್ಟರು. ಎರಡು ಹೃದಯ ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಒಂದು ಉಳಿದ ಮೈಗೆ. ಅದರ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣವಲ್ಲ, ತಾಮ್ರ ಇರುತ್ತದೆ. ಅದಕ್ಕೇ ನೀಲಿ. ಈ ಎರಡು ಸಾಲು ಸೇರಿಸಲು ಎಷ್ಟು ಶಾಯಿ ಬೇಕಿತ್ತು?

ಬಸ್ಸಿನಲ್ಲಿ ದಿನಾ ಬರುವ ನಿವೃತ್ತ ಮೇಷ್ಟ್ರೊಬ್ಬರು ಪುಸ್ತಕ ತಿರುವಿ ನೋಡಿ ನಕ್ಕರು. ಈ ಚಾಳಿ ನಮಗೆ ಹೊಸದಲ್ಲವಂತೆ. 1025ರಲ್ಲೇ ಚಾವುಂಡರಾಯ ಅನ್ನುವ ಕವಿ ಕನ್ನಡದಲ್ಲಿ 'ಲೋಕೋಪಕಾರ' ಬರೆದಿದ್ದಾನೆ. ಬಾವಿಗೆ ನೀರು ಎಲ್ಲಿ ಸಿಗುತ್ತದೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಅಡುಗೆ ಹೇಗೆ, ಶಕುನ ಏನು, ಎಲ್ಲ ಒಂದರಲ್ಲೇ. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ನಾನು ಅದನ್ನೇ ಕೇಳಲು ಬಾಯಿ ತೆರೆದಿದ್ದೆ, ಅವರೇ ತಡೆದು ಹೇಳಿದರು. ಮಕ್ಕಳಿಗೆ ನಿಜವಾಗಿ ಏನಾದರೂ ಕೊಡಬೇಕಿದ್ದರೆ ನಿರಂಜನರು ಸಂಪಾದಿಸಿದ 7 ಸಂಪುಟದ 'ಜ್ಞಾನಗಂಗೋತ್ರಿ' ಹುಡುಕು ಅಂದರು. ಲೈಬ್ರರಿಯಲ್ಲಿ ಎರಡು ಸಂಪುಟ ಸಿಕ್ಕವು. ಹಳೆಯವೇ, ಆದರೆ ಒಂದೊಂದು ವಿಷಯವನ್ನೂ ಕೂರಿಸಿಕೊಂಡು ಹೇಳುತ್ತವೆ. ಬ್ಯಾಗಿನಲ್ಲಿ ಇಟ್ಟುಕೊಂಡು ಟ್ರಿಪ್ಪಿಗೆ ಹೋಗಲು ಮಾತ್ರ ಆಗುವುದಿಲ್ಲ, ಅಷ್ಟು ಭಾರ.

ಹಾಗಾದರೆ 50 ರೂಪಾಯಿ ದಂಡವೇ? ಪರೀಕ್ಷೆಗೆ ಓದುವವರು ಖಂಡಿತ ಕೊಳ್ಳಬೇಡಿ, ಮಾರ್ಕ್ಸು ಕಳೆದುಕೊಳ್ಳುತ್ತೀರಿ. ನನಗಂತೂ ದಂಡ ಆಗಲಿಲ್ಲ. ಮಗಳು ಈಗ ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಪಕ್ಕದಲ್ಲಿ ಇಸವಿ ಬರೆಯುತ್ತಿದ್ದಾಳೆ. ತಪ್ಪು ಸಿಕ್ಕರೆ ಒಂದಕ್ಕೆ ಒಂದು ರೂಪಾಯಿ ಅಂತ ಒಪ್ಪಂದ. ಇಲ್ಲಿಯವರೆಗೆ 23 ರೂಪಾಯಿ ಕೊಟ್ಟಿದ್ದೇನೆ. ಐದಕ್ಕೆ ಎರಡು ಸ್ಟಾರ್. ಅದರಲ್ಲಿ ಒಂದು ಕಾಳಿಂಗನಿಗೆ.

ಮೊನ್ನೆ ಅವನು ಮತ್ತೆ ಹತ್ತಿದ. ಅದೇ ಡಾಲ್ಫಿನ್, ಮೇಲೆ ಹೊಸ ಸ್ಟಿಕ್ಕರ್.

"ಅಣ್ಣ, ಹೊಸ ಎಡಿಷನ್ ಬಂದೈತೆ, ತಗೊಳ್ಳಿ."

"ಒಳಗೆ ಎಷ್ಟು ಜಿಲ್ಲೆ ಅಂತ ನೋಡು ಮೊದಲು."

ಅವನು ನೋಡಿದ. 30.

"ಯಾಕಣ್ಣ, ತಪ್ಪಾ?"

"ಹಗರೆವರೆಗೂ ಬಾ, ಒಂದೊಂದಾಗಿ ಹೇಳ್ತೀನಿ. ಟಿಕೆಟ್ ಮಾತ್ರ ತಗೋಬೇಕು," ಅಂದೆ. ಇಳಿದುಬಿಟ್ಟ.