ಮನೆಯೋರೇ ಸೇರಿ ನಡ್ಸೋ ಮರಗೆಲ್ಸಕ್ಕೆ ಗಟ್ಟಿ ಮರನಾ, ಪ್ಲೈವುಡ್ಡಾ?

ದುಡ್ಡು ಎಷ್ಟು ದಿನ ಸಿಕ್ಕಾಕ್ಕೊಂಡಿರತ್ತೆ ಅಂತ ಮೊದ್ಲು ನೋಡಿ. ಪ್ಲೈವುಡ್ ಆದ್ರೆ ಆರ್ಡರ್ ಬಂದ್ಮೇಲೆ 8x4 ಅಡಿ ಶೀಟ್ ತಂದ್ರೂ ನಡಿಯತ್ತೆ, ಕಟ್ ಮಾಡಿ ಎಡ್ಜ್ ಬ್ಯಾಂಡ್ (ಅಂಚು ಮುಚ್ಚೋ ಪಟ್ಟಿ) ಅಂಟಿಸಿದ್ರೆ ವಾರ್ಡ್‌ರೋಬ್ ಬೇಗ ರೆಡಿ, ಆದ್ರೆ ಇದನ್ನ ಮಾಡೋರು ಬೀದಿಗೊಬ್ರು, ಬರೀ ರೇಟಲ್ಲೇ ಗುದ್ದಾಟ. ಗಟ್ಟಿ ಮರ, ಅಂದ್ರೆ ಮರದಿಂದ ನೇರ ಕೊಯ್ದ ಹಲಗೆ, ಹಂಗಲ್ಲ, ಮನೆಯೊಳಗಿನ ಫರ್ನಿಚರ್‌ಗೆ ತೇವ ಹೆಚ್ಚುಕಮ್ಮಿ 8ರಿಂದ 12 ಪರ್ಸೆಂಟಿಗೆ ಇಳೀಬೇಕು, ಅಲ್ಲೀವರ್ಗೂ ದುಡ್ಡು ಹಲಗೆ ರೂಪದಲ್ಲಿ ಮಲಗಿರತ್ತೆ. ಆಮೇಲೂ ಟೇಬಲ್ ಟಾಪ್ ಅಗಲಕ್ಕೆ ಹಿಗ್ಗಿ ಕುಗ್ಗತ್ತೆ, ಉದ್ದಕ್ಕೆ ಅಷ್ಟಿಲ್ಲ, ಅದ್ಕೆ ಫ್ರೇಮಲ್ಲಿ ಸ್ಕ್ರೂ ತೂತನ್ನ ಟಾಪಿನ ಅಗಲದ ದಿಕ್ಕಿಗೆ ಚಾಚ್ಕೊಳ್ಳೋ ಹಂಗೆ ಕೊರೀಬೇಕು, ಇಲ್ಲಾಂದ್ರೆ ಹಲಗೆ ಸೀಳ್ಕೊಳತ್ತೆ. ಇದೆಲ್ಲ ಗೊತ್ತಿರೋ ಹಿರಿಯರು ಮನೇಲಿದ್ರೆ ನಾನಂತೂ ಗಟ್ಟಿ ಮರಾನೇ ಅಂತೀನಿ, ಪಾಲಿಶ್ ರಿಪೇರಿ ಅಂತ ಗಿರಾಕಿ ವಾಪಸ್ ಬರ್ತಾರೆ. ಕೈಲಿ ಕಾಸು ಕಮ್ಮಿಯಾ, ಪ್ಲೈ ಹಿಡೀರಿ. ಧೂಳು ಮಾತ್ರ ಎರಡ್ರಲ್ಲೂ ಇದ್ದಿದ್ದೇ, ಮಾಸ್ಕ್ ಹಾಕ್ಕೊಳ್ಳಿ.