ಸಿ.ಡಿ. ಇಲ್ಲದೆ ಬ್ಯಾಕಪ್ ಆಗುವುದಿಲ್ಲ ಎನ್ನುವವರ ಕೈಗೆ ನಿಮ್ಮ ಲ್ಯಾಪ್‌ಟಾಪ್ ಕೊಡಬೇಡಿ

ಮನೆಯ ಲ್ಯಾಪ್‌ಟಾಪಿನ ಬ್ಯಾಕಪ್ ತೆಗೆಯಲು ವಿಂಡೋಸ್‌ನ ಮೂಲ ಸಿ.ಡಿ. ಬೇಕಾಗಿಲ್ಲ. ಇಷ್ಟು ಸಣ್ಣ ವಿಷಯ ಮೂರು ವಾರಗಳ ಹಿಂದೆ ನನಗೆ ಗೊತ್ತಿದ್ದಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಬರೆಯಲು ನಾಚಿಕೆಯಾಗುತ್ತಿದೆ. ದಿನವಿಡೀ ಕಂಪ್ಯೂಟರ್ ಮುಂದೆಯೇ ಕುಳಿತು ಕೆಲಸ ಮಾಡುವ ನಾನು ಇಂಥ ಮಾತನ್ನು ನಂಬಿದೆನಲ್ಲ ಎಂದು ಮನೆಯವರ ಎದುರು ತಲೆಯೆತ್ತಲು ಆಗುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಹೇಳಿದ ಸುಳ್ಳನ್ನೇ ಆ ರಿಪೇರಿಯವನು ನಾಳೆ ಇನ್ನೊಬ್ಬರಿಗೆ ಹೇಳುತ್ತಾನೆ.

ನನ್ನದು 2016ರಲ್ಲಿ ಕೊಂಡ, ವಿಂಡೋಸ್ 10 ಹೋಮ್ ಆವೃತ್ತಿ ಮೊದಲೇ ಹಾಕಿದ್ದ ಲ್ಯಾಪ್‌ಟಾಪ್. ಡಬ್ಬಿಯಲ್ಲಿ ಚಾರ್ಜರ್ ಇತ್ತು, ಕಾಗದಗಳಿದ್ದವು, ಸಿ.ಡಿ. ಇರಲಿಲ್ಲ. ಇತ್ತೀಚೆಗೆ ಅದು ತೆರೆದುಕೊಳ್ಳಲು ಹತ್ತು ನಿಮಿಷ ಹಿಡಿಯುತ್ತಿತ್ತು. ಎಲ್ಲವನ್ನೂ ಬ್ಯಾಕಪ್ ತೆಗೆದು, ವಿಂಡೋಸ್ ಹೊಸದಾಗಿ ಹಾಕಿಸಿದರೆ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದ ಮೇಲೆ, ಅವರೇ ಸೂಚಿಸಿದ ರಿಪೇರಿಯವನ ಬಳಿ ಲ್ಯಾಪ್‌ಟಾಪನ್ನೂ ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನೂ ತೆಗೆದುಕೊಂಡು ಹೋದೆ. ಆತ ಕೇಳಿದ ಮೊದಲ ಪ್ರಶ್ನೆಯೇ, "ಮೇಡಂ, ಒರಿಜಿನಲ್ ಸಿ.ಡಿ. ಇದೆಯೇ?" ಎಂಬುದಾಗಿತ್ತು. ಇಲ್ಲ ಎಂದೆ. ಆತ ತಲೆಯಾಡಿಸಿ, "ಸಿ.ಡಿ. ಇಲ್ಲದಿದ್ದರೆ ಬ್ಯಾಕಪ್ ಪೂರ್ತಿ ಬರುವುದಿಲ್ಲ. ನನ್ನ ಹತ್ತಿರ ಇದೆ, ಅದನ್ನು ಹಾಕಿ ಮಾಡಿಕೊಡುತ್ತೇನೆ, ಆದರೆ ಅದಕ್ಕೆ ಬೇರೆ ದುಡ್ಡಾಗುತ್ತದೆ" ಎಂದ. ನಾನು ಒಪ್ಪಿದೆ. ಒಂದೂ ಮಾತು ಕೇಳದೆ ಒಪ್ಪಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅದೇ ಈಗ ಚುಚ್ಚುತ್ತಿದೆ.

ಮಾರನೆಯ ದಿನ ಹೋದಾಗ ಕೆಲಸ ಮುಗಿದಿತ್ತು. ಲ್ಯಾಪ್‌ಟಾಪ್ ಚಕಚಕನೆ ಓಡುತ್ತಿತ್ತು. ಆತ ನನ್ನ ಎಕ್ಸ್‌ಟರ್ನಲ್ ಡಿಸ್ಕನ್ನು ಜೋಡಿಸಿ, 'ಫುಲ್ ಬ್ಯಾಕಪ್' ಎಂಬ ಫೋಲ್ಡರ್ ತೆರೆದು, "ನೋಡಿ ಮೇಡಂ, ನಿಮ್ಮದೆಲ್ಲ ಇದೆ" ಎಂದು ತೋರಿಸಿದ. ನಾನು ನೋಡಿದೆ. 'ಅಪ್ಪನ ಪತ್ರಗಳು' ಎಂಬ ಹೆಸರಿತ್ತು, 'ಮಕ್ಕಳ ಫೋಟೋ' ಇತ್ತು, 'ಮನೆ ದಾಖಲೆ' ಇತ್ತು. ನನ್ನ ಡೆಸ್ಕ್‌ಟಾಪಿನಲ್ಲಿ ದಿನವೂ ಕಾಣುತ್ತಿದ್ದ ಅವೇ ಹಳದಿ ಚಿತ್ರಗಳು, ಅವೇ ಹೆಸರುಗಳು. ಸಮಾಧಾನವಾಯಿತು. ಹಣ ಕೊಟ್ಟು, ಚೀಟಿಗೆ ಸಹಿ ಹಾಕಿ ಮನೆಗೆ ಬಂದೆ.

ನಾಲ್ಕು ದಿನ ಆ ಡಿಸ್ಕನ್ನು ಮುಟ್ಟಲಿಲ್ಲ. ಆ ನಾಲ್ಕು ದಿನಗಳಲ್ಲಿ ಲ್ಯಾಪ್‌ಟಾಪಿಗೆ ಅಪ್‌ಡೇಟ್‌ಗಳು ಬಂದವು, ಕಚೇರಿಯ ಸಾಫ್ಟ್‌ವೇರ್‌ಗಳನ್ನು ಹಾಕಿದೆ, ಮಕ್ಕಳು ತಮಗೆ ಬೇಕಾದದ್ದನ್ನೆಲ್ಲ ಇಳಿಸಿಕೊಂಡರು. ಇದು ಏಕೆ ಮುಖ್ಯವೆಂದು ಮುಂದೆ ಹೇಳುತ್ತೇನೆ.

ಐದನೆಯ ದಿನ ರಾತ್ರಿ ಅಪ್ಪನ ಒಂದು ಪತ್ರ ಬೇಕಾಗಿ ಡಿಸ್ಕ್ ಜೋಡಿಸಿ 'ಅಪ್ಪನ ಪತ್ರಗಳು' ಮೇಲೆ ಎರಡು ಸಲ ಒತ್ತಿದೆ. ಈ ಶಾರ್ಟ್‌ಕಟ್ ಸೂಚಿಸುವ ಸ್ಥಳ ಲಭ್ಯವಿಲ್ಲ ಎಂಬರ್ಥದ ಒಂದು ಪುಟ್ಟ ಕಿಟಕಿ ತೆರೆದುಕೊಂಡಿತು. ಇನ್ನೊಮ್ಮೆ ಒತ್ತಿದೆ. ಅದೇ ಕಿಟಕಿ. 'ಮಕ್ಕಳ ಫೋಟೋ' ಒತ್ತಿದೆ, ಅದೇ. ಆಗ ಆ ಹಳದಿ ಚಿತ್ರಗಳ ಎಡಗಡೆಯ ಕೆಳಮೂಲೆಯಲ್ಲಿದ್ದ ಸಣ್ಣ ಬಾಣದ ಗುರುತು ಕಣ್ಣಿಗೆ ಬಿತ್ತು. ರಿಪೇರಿಯವನು ತೋರಿಸಿದಾಗಲೂ ಆ ಬಾಣ ಅಲ್ಲೇ ಇತ್ತು, ನಾನೇ ಗಮನಿಸಿರಲಿಲ್ಲ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದೆ. ಹನ್ನೊಂದು ವರ್ಷಗಳ ಫೋಟೋಗಳಿರಬೇಕಾಗಿದ್ದ ಜಾಗದಲ್ಲಿ 1 ಕೆಬಿ ಎಂದಿತ್ತು. ಇಡೀ 'ಫುಲ್ ಬ್ಯಾಕಪ್' ಫೋಲ್ಡರಿನ ಗಾತ್ರ 3 ಎಂಬಿ ಕೂಡ ಇರಲಿಲ್ಲ.

ನಡೆದದ್ದು ಇಷ್ಟೆ. ನನ್ನ ನಿಜವಾದ ಕಡತಗಳೆಲ್ಲ ಡಿ ಡ್ರೈವಿನಲ್ಲಿದ್ದವು. ಬೇಗ ಕೈಗೆ ಸಿಗಲೆಂದು ಅವುಗಳ ಶಾರ್ಟ್‌ಕಟ್‌ಗಳನ್ನು, ಅಂದರೆ ಕಡತ ಎಲ್ಲಿದೆ ಎಂದು ತೋರಿಸುವ ಬಾಣದ ಗುರುತಿನ ಕೊಂಡಿಗಳನ್ನಷ್ಟೇ, ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ. ಆತ ಡೆಸ್ಕ್‌ಟಾಪನ್ನು ಮಾತ್ರ ಕಾಪಿ ಮಾಡಿ, ಆಮೇಲೆ ಹಾರ್ಡ್ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನೂ, ಅಂದರೆ ವಿಭಾಗಗಳನ್ನೂ, ಅಳಿಸಿ ವಿಂಡೋಸ್ ಹಾಕಿದ್ದ. ಸಿ ಡ್ರೈವ್ ಮಾತ್ರವಲ್ಲ, ಡಿ ಡ್ರೈವ್ ಕೂಡ ಹೋಯಿತು. ತಯಾರಕರು ಸಿ.ಡಿ.ಯ ಬದಲಿಗೆಂದು ಲ್ಯಾಪ್‌ಟಾಪಿನೊಳಗೇ ಅಡಗಿಸಿಟ್ಟಿದ್ದ ರಿಕವರಿ ಪಾರ್ಟಿಷನ್ ಕೂಡ ಹೋಯಿತು.

ಬೆಳಗಾಗುವುದನ್ನೇ ಕಾದು ಫೋನ್ ಮಾಡಿದೆ. ಆತನ ಒಂದೊಂದು ಉತ್ತರವೂ ನನಗೆ ಬಾಯಿಪಾಠವಾಗಿದೆ. ಮೊದಲು, "ಏನಿಲ್ಲ ಮೇಡಂ, ಪಾಥ್ ಬದಲಾಗಿರುತ್ತದೆ, ತಂದುಕೊಡಿ" ಎಂದ. ತೆಗೆದುಕೊಂಡು ಹೋದೆ. ಐದು ನಿಮಿಷ ಮೌನವಾಗಿ ಮೌಸ್ ಆಡಿಸಿ, "ನೀವು ಫುಲ್ ಬ್ಯಾಕಪ್ ಎಂದಿರಿ, ಡಿ ಡ್ರೈವ್ ಕೂಡ ಬೇಕೆಂದು ಹೇಳಲಿಲ್ಲವಲ್ಲ" ಎಂದ. ಫುಲ್ ಎಂದರೆ ಪೂರ್ತಿ ಎಂದಲ್ಲದೆ ಮತ್ತೇನು ಅರ್ಥವೆಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ. "ನೀವೇ ನೋಡಿ, ಒಪ್ಪಿಕೊಂಡು ಸಹಿ ಹಾಕಿದಿರಿ" ಎಂದು ಚೀಟಿಯ ನಕಲನ್ನು ಮುಂದೆ ಚಾಚಿದ. ಅದರ ಕೆಳಗೆ, ಡೇಟಾ ನಷ್ಟಕ್ಕೆ ತಾವು ಜವಾಬ್ದಾರರಲ್ಲ ಎಂಬ ಸಾಲು ಇರುವೆಗಾತ್ರದ ಅಕ್ಷರಗಳಲ್ಲಿತ್ತು, ಅದರ ಪಕ್ಕದಲ್ಲೇ ನನ್ನ ಸಹಿಯೂ ಇತ್ತು.

ಆಮೇಲೆ ಆತ ಹೇಳಿದ ಮಾತಿಗೆ ಮೈಯೆಲ್ಲ ಉರಿದುಹೋಯಿತು: "ನಿಮ್ಮ ಹತ್ತಿರ ಒರಿಜಿನಲ್ ಸಿ.ಡಿ. ಇದ್ದಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ."

ಇದು ಶುದ್ಧ ಸುಳ್ಳು. ಸಿ.ಡಿ.ಯಲ್ಲಿ ಇರುವುದು ವಿಂಡೋಸ್ ಒಂದೇ. ಅದರಲ್ಲಿ ನನ್ನ ಅಪ್ಪನ ಪತ್ರಗಳಿಲ್ಲ, ಯಾರ ಮಕ್ಕಳ ಫೋಟೋಗಳೂ ಇಲ್ಲ. ಕಡತಗಳನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡುವುದಕ್ಕೂ ಸಿ.ಡಿ.ಗೂ ಸಂಬಂಧವೇ ಇಲ್ಲ. ಡಿ ಡ್ರೈವನ್ನು ತೆರೆದು, ಎಲ್ಲವನ್ನೂ ಆರಿಸಿ, ಕಾಪಿ ಎಂದು ಒತ್ತಿದ್ದರೆ ಮುಗಿಯುತ್ತಿತ್ತು. ಅಷ್ಟನ್ನೂ ಮಾಡದವನು ಸಿ.ಡಿ.ಯ ಹೆಸರಿನಲ್ಲಿ ನನ್ನಿಂದ ಬೇರೆಯಾಗಿ ಹಣ ತೆಗೆದುಕೊಂಡ.

ಹೊಸದಾಗಿ ವಿಂಡೋಸ್ ಹಾಕುವುದಕ್ಕಾದರೂ ಸಿ.ಡಿ. ಬೇಕಿತ್ತೇ ಎಂದರೆ, ಅದಕ್ಕೂ ಬೇಕಿರಲಿಲ್ಲ. ವಿಂಡೋಸ್ 8 ಬಂದಂದಿನಿಂದ, ಅಂದರೆ 2012ರಿಂದ, ವಿಂಡೋಸ್ ಹಾಕಿಯೇ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀಲಿಸಂಖ್ಯೆಯನ್ನು ಸಾಮಾನ್ಯವಾಗಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ (ಅದರ ಚಿಪ್‌ನಲ್ಲಿ ಅಡಕವಾಗಿರುವ ತಂತ್ರಾಂಶದಲ್ಲಿ) ಬರೆದಿಟ್ಟಿರುತ್ತಾರೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿಯ ಒಂದು ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು ಅದೇ ಆವೃತ್ತಿಯನ್ನು ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ಅದು ತಾನಾಗಿಯೇ ಸಕ್ರಿಯವಾಗುತ್ತದೆ. ನನ್ನ ಲ್ಯಾಪ್‌ಟಾಪಿಗೆ ಹಕ್ಕಿದ್ದದ್ದು ಹೋಮ್ ಆವೃತ್ತಿಗೆ. ಆತ ತನ್ನ ಹತ್ತಿರವಿದ್ದ ಪ್ರೊ ಆವೃತ್ತಿಯನ್ನು ತುರುಕಿದ್ದ. ಹೀಗಾಗಿ, ವಿಂಡೋಸನ್ನು ಸಕ್ರಿಯಗೊಳಿಸಿ ಎಂಬ ಬೂದು ಅಕ್ಷರಗಳು ಕೆಲವೇ ದಿನಗಳಲ್ಲಿ ಪರದೆಯ ಮೂಲೆಯಲ್ಲಿ ಬಂದು ಕುಳಿತವು. ಒರಿಜಿನಲ್ ಎಂದು ಹಣ ಪಡೆದ ಸಿ.ಡಿ.ಯ ಬಂಡವಾಳ ಅದು. ಅದರ ಮೇಲೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ ಎಂಬುದನ್ನೂ ಆತ ಹೇಳಲಿಲ್ಲ.

ಕಳೆದುಹೋದದ್ದನ್ನು ಮರಳಿ ಪಡೆಯಲು ಯತ್ನಿಸಿದೆ. ನನ್ನದರಂಥ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತ ಸಾಮಾನ್ಯವಾಗಿ ತಕ್ಷಣ ನಾಶವಾಗುವುದಿಲ್ಲ. ಅದರ ಜಾಗದ ಮೇಲೆ ಬೇರೇನಾದರೂ ಬರೆಯಲ್ಪಟ್ಟಾಗ ಮಾತ್ರ ಹೋಗುತ್ತದೆ. ಮೇಲೆ ಹೇಳಿದ ಆ ನಾಲ್ಕು ದಿನಗಳು ಇದಕ್ಕಾಗಿಯೇ ನನ್ನನ್ನು ಸುಡುತ್ತಿವೆ. ನಾನೇ ಇಳಿಸಿಕೊಂಡ ಅಪ್‌ಡೇಟ್‌ಗಳು, ನಾನೇ ಹಾಕಿದ ಸಾಫ್ಟ್‌ವೇರ್‌ಗಳು ನನ್ನ ಕಡತಗಳ ಮೇಲೆಯೇ ಹೋಗಿ ಕುಳಿತಿರಬಹುದು. ಮನೆಗೆ ಬಂದ ದಿನವೇ ಆ ಫೋಲ್ಡರ್ ತೆರೆದು ನೋಡಿದ್ದರೆ ಲ್ಯಾಪ್‌ಟಾಪನ್ನು ಆ ಕ್ಷಣವೇ ಆರಿಸಿಬಿಡುತ್ತಿದ್ದೆ. ತಿಳಿದವರೊಬ್ಬರು ಆ ಡಿಸ್ಕನ್ನು ಹೊರತೆಗೆದು, ಬೇರೆ ಕಂಪ್ಯೂಟರಿಗೆ ಜೋಡಿಸಿ, ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಎರಡು ರಾತ್ರಿ ಓಡಿಸಿದರು. ಸಾವಿರಾರು ಫೋಟೋಗಳು ಸಿಕ್ಕವು, ಆದರೆ ಒಂದಕ್ಕೂ ಹೆಸರಿಲ್ಲ, ಯಾವ ಫೋಲ್ಡರಿನದೆಂಬ ಗುರುತಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಒಂದು ಸಂಖ್ಯೆ, ಅಷ್ಟೇ. ಹುಟ್ಟುಹಬ್ಬದ ಫೋಟೋದ ಪಕ್ಕದಲ್ಲಿ ಯಾವುದೋ ವೆಬ್ ಪುಟದ ಗುಂಡಿಯ ಚಿತ್ರ. ಕೆಲವು ಫೋಟೋಗಳಲ್ಲಿ ಮುಖದವರೆಗೆ ಸರಿಯಾಗಿದ್ದು, ಕತ್ತಿನಿಂದ ಕೆಳಗೆ ಬರೀ ಬೂದು ಬಣ್ಣ.

ಇದನ್ನು ಹೇಳಲೆಂದು ಕಡೆಯ ಬಾರಿ ಫೋನ್ ಮಾಡಿದಾಗ ಆತ, "ಬಹುಪಾಲು ಸಿಕ್ಕಿದೆಯಲ್ಲ ಮೇಡಂ, ಇನ್ನೇನು" ಎಂದು ಕರೆ ತುಂಡರಿಸಿದ. ಸಿ.ಡಿ.ಗೆಂದು ಪಡೆದ ಹಣವನ್ನಾದರೂ ಮರಳಿಸು ಎಂದು ಸಂದೇಶ ಕಳುಹಿಸಿದೆ. ಓದಿದ್ದಾನೆ, ಉತ್ತರವಿಲ್ಲ.

ನಿಮ್ಮ ಲ್ಯಾಪ್‌ಟಾಪಿನ ಜೊತೆಗೂ ಸಿ.ಡಿ. ಬಂದಿರಲಿಕ್ಕಿಲ್ಲ. ಅದಕ್ಕಾಗಿ ಯಾರ ಮುಂದೆಯೂ ತಪ್ಪು ಮಾಡಿದವರಂತೆ ನಿಲ್ಲಬೇಡಿ. ಕಡತಗಳನ್ನು ನೀವೇ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಒಂದೇ ಅಲ್ಲ, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡಿ ಡ್ರೈವ್, ಎಲ್ಲವನ್ನೂ ನೋಡಿ. ವಿಂಡೋಸ್ ಸಮೇತ ಇಡೀ ಲ್ಯಾಪ್‌ಟಾಪಿನ ಪ್ರತಿ ಬೇಕೆಂದರೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂದಿಗೂ 'ಬ್ಯಾಕಪ್ ಅಂಡ್ ರಿಸ್ಟೋರ್ ವಿಂಡೋಸ್ 7' ಎಂಬ ಹಳೆಯ ಹೆಸರಿನಲ್ಲಿಯೇ ಇರುವ ಸೌಲಭ್ಯದಿಂದ ಸಿಸ್ಟಮ್ ಇಮೇಜ್ ತೆಗೆಯಬಹುದು. ಅದನ್ನು ಇಡುವ ಡಿಸ್ಕ್ ಎನ್‌ಟಿಎಫ್‌ಎಸ್ ಎಂಬ, ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ಮಾದರಿಯಲ್ಲಿರಬೇಕು. ಲ್ಯಾಪ್‌ಟಾಪ್ ಏಳದೇ ಹೋದ ದಿನಕ್ಕೆಂದು ಒಂದು ಪೆನ್‌ಡ್ರೈವಿನಲ್ಲಿ ರಿಕವರಿ ಡ್ರೈವ್ ಕೂಡ ಮಾಡಿಟ್ಟುಕೊಳ್ಳಿ. ಒಳಗಿನ ರಿಕವರಿ ಪಾರ್ಟಿಷನ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದು ಲ್ಯಾಪ್‌ಟಾಪನ್ನು ಕೊಂಡ ದಿನದ ಸ್ಥಿತಿಗೆ ಒಯ್ಯುತ್ತದೆಯೇ ಹೊರತು ನಿಮ್ಮ ಒಂದು ಫೋಟೋವನ್ನೂ ಕಾಯುವುದಿಲ್ಲ, ಮೇಲಾಗಿ ಡಿಸ್ಕ್ ಕೆಟ್ಟರೆ ಅದೂ ಜೊತೆಗೇ ಹೋಗುತ್ತದೆ. ಯಾರಾದರೂ ಬ್ಯಾಕಪ್ ಎಂದು ತೋರಿಸಿದರೆ ಹೆಸರು ನೋಡಿ ತಲೆಯಾಡಿಸಬೇಡಿ. ಗಾತ್ರ ನೋಡಿ, ಬೇರೊಂದು ಕಂಪ್ಯೂಟರಿನಲ್ಲಿ ಕಡತವನ್ನು ತೆರೆದು ನೋಡಿ, ಆಮೇಲೆ ಮಾತ್ರ ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಡಿ.

ಅಪ್ಪನ ಪತ್ರಗಳು ಒಟ್ಟು 79 ಇದ್ದವು. ಮೂಲ ಹಾಳೆಗಳಿಗೆ ಗೆದ್ದಲು ಹಿಡಿದು, ಮಡಿಸಿದ ಕಡೆಯಲ್ಲೆಲ್ಲ ಪುಡಿಯಾಗತೊಡಗಿದ್ದರಿಂದ, ಒಂದು ಬೇಸಿಗೆಯಿಡೀ ಕುಳಿತು ಒಂದೊಂದನ್ನೇ ಗಾಜಿನ ಮೇಲೆ ಬಿಡಿಸಿ ಸ್ಕ್ಯಾನ್ ಮಾಡಿದ್ದೆ. ಅದರ ನಂತರ ಆ ಹಾಳೆಗಳು ಉಳಿಯಲಿಲ್ಲ. ಫೋಟೋರೆಕ್ ಕೊಟ್ಟ ರಾಶಿಯಲ್ಲಿ ಇಲ್ಲಿಯವರೆಗೆ ನನಗೆ ಸಿಕ್ಕಿರುವುದು 14 ಪತ್ರಗಳು, ಅವುಗಳಲ್ಲಿ 5 ಅರ್ಧಕ್ಕೇ ನಿಂತಿವೆ. ಉಳಿದ ರಾಶಿಯನ್ನು ದಿನವೂ ರಾತ್ರಿ ಒಂದೊಂದಾಗಿ ತೆರೆದು ಹುಡುಕುತ್ತಿದ್ದೇನೆ.