ಎಡಿಟಿಂಗ್ ಕಂಪ್ಯೂಟರಿಗೆ ಅಂಗಡಿಯ ತಾಂತ್ರಿಕ ನೆರವು: ಒಂದು ವಿಮರ್ಶೆ

ಮದುವೆ ವೀಡಿಯೊಗಳನ್ನು ಎಡಿಟ್ ಮಾಡುವ ನಮ್ಮ ಸ್ಟುಡಿಯೋಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದು ಜೋಡಿಸಿಕೊಟ್ಟ ಕಂಪ್ಯೂಟರಿನಲ್ಲಿ ಇಂಟೆಲ್ ಕೋರ್ ಐ7-12700ಎಫ್ ಪ್ರೊಸೆಸರ್, ಎನ್ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಗೂ 32 ಜಿಬಿ ರ‍್ಯಾಮ್ ಇದ್ದವು. ಇಷ್ಟಿದ್ದೂ ಕ್ಯಾಮೆರಾದಿಂದ ಬಂದ 10 ಬಿಟ್, 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ), ಎಚ್.265 (ವೀಡಿಯೊ ಕುಗ್ಗಿಸುವ ವಿಧಾನ) ಫೈಲುಗಳು ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೊ ಟೈಮ್‌ಲೈನಿನಲ್ಲಿ ತಡವರಿಸುತ್ತಿದ್ದವು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು, ಗ್ರಾಫಿಕ್ಸ್ ಕಾರ್ಡಿನ ವೀಡಿಯೊ ಡಿಕೋಡ್ (ಕುಗ್ಗಿಸಿದ ವೀಡಿಯೊವನ್ನು ಬಿಡಿಸುವ ಕೆಲಸ) ರೇಖೆ ಮಾತ್ರ ಸೊನ್ನೆ ಬಿಟ್ಟು ಮೇಲೇಳುತ್ತಿರಲಿಲ್ಲ.

ಫೋನಿನಲ್ಲಿ ದೊರೆತ ಮೊದಲ ಸಲಹೆ, ರ‍್ಯಾಮ್ ಹೆಚ್ಚಿಸಿ ಎಂಬುದು. ಇದು ನೆರವಲ್ಲ, ವ್ಯಾಪಾರ.

ಆದರೆ ಅಂಗಡಿಯ ಹಿರಿಯ ತಂತ್ರಜ್ಞರು ಫೈಲಿನ ವಿವರ ಕೇಳಿದೊಡನೆ ಕಾರಣ ಹೇಳಿದರು. ಎನ್ವಿಡಿಯಾ ಕಾರ್ಡುಗಳಿಗೆ 4:2:2 ಡಿಕೋಡ್ ಮಾಡುವ ಸೌಲಭ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್ 11ನೇ ಪೀಳಿಗೆಯಿಂದಲೇ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಈ ಬಗೆಯ ಎಚ್.265 ಫೈಲನ್ನು ನಿಭಾಯಿಸುತ್ತದೆಯಾದರೂ, ಹೆಸರಿನ ಕೊನೆಗೆ ‘ಎಫ್’ ಇರುವ ಮಾದರಿಗಳಲ್ಲಿ ಆ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಮಾರುವಾಗಲೇ ಇದನ್ನು ಹೇಳಬೇಕಿತ್ತಲ್ಲವೇ ಎಂದಾಗ ಅವರೂ ಒಪ್ಪಿಕೊಂಡರು.

ಪ್ರೊಸೆಸರ್ ಕೂರುವ ಸಾಕೆಟ್ ಒಂದೇ ಆದ್ದರಿಂದ ಮದರ್‌ಬೋರ್ಡ್ ಬದಲಿಸದೆ ‘ಎಫ್’ ಇಲ್ಲದ 12700 ಪ್ರೊಸೆಸರನ್ನು ಕೂರಿಸಿ, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸನ್ನು ಚಾಲೂ ಮಾಡಿ, ಪ್ರೀಮಿಯರ್‌ನ ಮೀಡಿಯಾ ಆಯ್ಕೆಗಳಲ್ಲಿ ಇಂಟೆಲ್ ಡಿಕೋಡಿಂಗ್‌ಗೆ ಗುರುತು ಹಾಕಿದ ಮೇಲೆ ಅದೇ ಫೈಲುಗಳು ಸರಾಗವಾಗಿ ಓಡಿದವು. ವ್ಯತ್ಯಾಸದ ಹಣವನ್ನಷ್ಟೇ ಪಡೆದರು. ಈ ಅಂಗಡಿಗೆ ಹೋಗುವವರು ಬಿಲ್ ಮಾಡಿಸುವ ಮೊದಲೇ ತಮ್ಮ ಕ್ಯಾಮೆರಾದ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಆ ಹಿರಿಯರನ್ನೇ ಕೇಳುವುದು ಒಳ್ಳೆಯದು.